ನಕ್ಷೆಯಲ್ಲಿ ಹಳದಿ ಮನೆ

ಬಿಳಿ ಸುಣ್ಣ ಬಳಿದ ನಮ್ಮ ಮನೆಯ ಮುಂದೆ ನಿಂತು ನಗರ ಪ್ರಾಧಿಕಾರದ ಅಧಿಕಾರಿ "ಯೇ ತೋ ಪೀಲಾ ಹೈ" ಅಂದ. ಇದು ಹಳದಿ. ಅವನ ಕೈಯಲ್ಲಿ ಊರಿನ ನಕ್ಷೆಯಿತ್ತು. ಘಾಜಿಯಾಬಾದಿಗೆ ಬಂದು ಮೂರು ವರ್ಷವಾಗಿದ್ದರೂ ನೆಲಕ್ಕೆ ಬಣ್ಣವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೀಲಿ ವ್ಯಾಪಾರಕ್ಕೆ, ಹಳದಿ ವಾಸಕ್ಕೆ. ಹಳದಿಯಲ್ಲಿ ಹೆರಬಹುದು, ಸಾಯಬಹುದು, ನೆಂಟರಿಗೆ ಅನ್ನ ಹಾಕಬಹುದು, ಇಡ್ಲಿ ಮಾತ್ರ ಮಾರುವಂತಿಲ್ಲ. ಮುಂದಿನ ವಾರ ಬರುತ್ತೇನೆ, ಅಂಗಡಿ ಕಂಡರೆ ಬಾಗಿಲಿಗೆ ಸೀಲ್ ಹಾಕುತ್ತೇನೆ ಎಂದು ಹೇಳಿಹೋದ.

ಕುಂದಾಪುರದಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಜನ ನಗುತ್ತಿದ್ದರು. ಅಲ್ಲಿ ಮಾವನವರ ಕಾಲದಿಂದಲೂ ನಮ್ಮದು ಮುಂದೆ ಹೋಟೆಲು, ಹಿಂದೆ ಮನೆ. ಇಲ್ಲಿ ನೆಲಮಹಡಿಯ ಫ್ಲ್ಯಾಟು ಕೊಂಡಾಗಲೂ ಹಾಗೆಯೇ ಅಂದುಕೊಂಡೆವು. ಬಿಲ್ಡರ್ ತೋರಿಸಿದ ಚಿತ್ರದಲ್ಲಿ ಎದುರಿಗೆ ಮಾರ್ಕೆಟ್ಟು, ಪಾರ್ಕು, ಕಾರಂಜಿ ಎಲ್ಲ ಇದ್ದವು. ಬಂದು ನೋಡಿದರೆ ಸಾಸಿವೆ ಹೊಲ, ಅದರ ನಡುವೆ ತುಕ್ಕು ಹಿಡಿದ ಕಂಬಿಗಳು. ಮಾರ್ಕೆಟ್ಟು ಬರಲೇ ಇಲ್ಲ, ಜನ ಬಂದರು. ದೆಹಲಿಯ ರೈಲು ಹಿಡಿಯುವವರಿಗೆ ಬೆಳಿಗ್ಗೆ ತಿಂಡಿ ಬೇಕಿತ್ತು. ಮುಂದಿನ ಕೋಣೆಯಲ್ಲಿ ನಾಲ್ಕು ಮೇಜು ಹಾಕಿದೆವು.

ಅಡುಗೆ ನನ್ನದು, ಬಡಿಸುವುದು ನಮ್ಮವರದು. ಗಿರಾಕಿ ಕುರ್ಚಿಗೆ ಬೆನ್ನು ಕೊಟ್ಟರೆ ಸಾಕು, ಊರಿನ ಸಪ್ಲೈಯರುಗಳ ಹಾಗೆ ಅಡುಗೆಮನೆಯ ಕಡೆ ತಿರುಗಿ ರಾಗವಾಗಿ ಕೂಗುತ್ತಿದ್ದರು: "ಎರಡಿಡ್ಲಿ ಒಂದ್ ವಡೇ... ಸಾಂಬಾರ್ ಬೇರೇ..." ಅವರು ಬರೆದುಕೊಂಡದ್ದೂ ಇಲ್ಲ, ಮರೆತದ್ದೂ ಇಲ್ಲ. ಹಸುಗೂಸಾಗಿದ್ದಾಗಲೇ ಇಲ್ಲಿಗೆ ಬಂದ ಮಗಳು ಶ್ರುತಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಬರುವುದಿಲ್ಲ. ನಮ್ಮವರಿಗೆ ಬೇರೆ ಮಾತೇ ಕಡಿಮೆ. ಹಾಗಾಗಿ ದಿನವಿಡೀ ನನ್ನ ಕಿವಿಗೆ ಬೀಳುತ್ತಿದ್ದ ಕನ್ನಡ ಆ ಕೂಗೊಂದೇ. ಇಷ್ಟು ಹೇಳಿದ ಮೇಲೆ ನಾನು ಮಾಡಿದ್ದನ್ನೂ ಹೇಳಲೇಬೇಕು.

ಆ ವಾರ ಬೋರ್ಡು ಇಳಿಸಿ ಮಂಚದ ಕೆಳಗೆ ತುರುಕಿದೆ. ಮೇಜುಗಳನ್ನು ಮಲಗುವ ಕೋಣೆಗೆ ಎಳೆದು, ಗ್ರೈಂಡರಿಗೆ ಚಾದರ ಹೊದಿಸಿದೆ. ಗಿರಾಕಿಗಳಿಗೆ ಬರಬೇಡಿ ಎಂದೆ. ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಟೀವಿ ಉಳಿದವು. ಅಧಿಕಾರಿ ಇನ್ನೊಬ್ಬನ ಜೊತೆ ಬಂದ. ಇಬ್ಬರೂ ಕುರ್ಚಿಯಲ್ಲಿ ಕೂತು ನೀರು ಕುಡಿದರು.

"ದುಕಾನ್ ಬಂದ್?" ಅಂಗಡಿ ಮುಚ್ಚಿತೇ ಎಂದು ಅಧಿಕಾರಿ ಕೇಳಿದ.

"ಘರ್ ಹೈ, ಭಾಯ್ ಸಾಬ್. ಸಿರ್ಫ್ ಘರ್," ಅಂದೆ. ಬರೀ ಮನೆ.

ಅವನು ತಲೆಯಾಡಿಸಿ ಪೆನ್ನಿನ ಮುಚ್ಚಳ ತೆಗೆದ. ಮನೆ ಎಂದು ಬರೆದರೆ ಮುಗಿಯಿತು. ಅಷ್ಟರಲ್ಲಿ ನಮ್ಮವರು ಸ್ನಾನ ಮುಗಿಸಿ, ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಂದರು. ಕುರ್ಚಿಯಲ್ಲಿ ಕೂತ ಇಬ್ಬರನ್ನು ಕಂಡರು. ನಾನು ಕಣ್ಸನ್ನೆ ಮಾಡುವ ಮೊದಲೇ ಅಡುಗೆಮನೆಗೆ ಮುಖ ಮಾಡಿದ್ದರು.

"ಎರಡಿಡ್ಲಿ ಒಂದ್ ವಡೇ... ಎರಡ್ ಪ್ಲೇಟ್..."

ಬಾಯಿ ಬಿಟ್ಟರೆ ಬಣ್ಣಗೇಡು. ಇಡ್ಲಿ ವಡೆ ಎಂಬ ಮಾತಿಗೆ ಅರ್ಥ ಹೇಳುವ ಅಗತ್ಯ ಈ ಊರಿನಲ್ಲಿ ಯಾರಿಗೂ ಇರಲಿಲ್ಲ. ಅಧಿಕಾರಿ ನಕ್ಕ. "ಅಚ್ಛಾ, ಲೇ ಆವೋ," ಅಂದ. ಸರಿ, ತನ್ನಿ. ಮನೆಯವರಿಗೆಂದು ಬೇಯಿಸಿದ್ದ ಇಡ್ಲಿಗಳನ್ನು ಇಬ್ಬರೂ ಚಟ್ನಿ ಕೇಳಿ ಹಾಕಿಸಿಕೊಂಡು ತಿಂದರು, ಕೈ ತೊಳೆದರು, ಬೀದಿ ಬಾಗಿಲಿಗೆ ಬೀಗ ಜಡಿದು ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು. ಹೋಗುವಾಗ, ಸಾಂಬಾರ್ ಚೆನ್ನಾಗಿತ್ತು ಭಾಭೀಜಿ ಎಂದೂ ಹೇಳಿದರು.

ನಮ್ಮವರು ಟವೆಲ್ಲು ಹಿಂಡುತ್ತಾ ನಿಂತಿದ್ದರು. ಶ್ರುತಿಯ ಎದುರಿಗೇ ಅಂದೆ: "ಬಾಗಿಲಿಗೆ ಯಾಕೆ ಹಾಕಿದರೋ. ನಿಮ್ಮ ಬಾಯಿಗೆ ಹಾಕಿ ಹೋಗಬೇಕಿತ್ತು ಸೀಲು. ಇನ್ನು ಈ ಮನೆಯಲ್ಲಿ ಆ ಕೂಗು ಕೇಳಕೂಡದು." ಸಿಟ್ಟಿನಲ್ಲಿ ಅಂದದ್ದಲ್ಲ. ನೋಯಲಿ ಎಂದೇ ಅಂದದ್ದು.

ಒಂದೂವರೆ ವರ್ಷ ನಮ್ಮ ಮನೆಗೆ ನಾವೇ ಹಿಂಬಾಗಿಲಿನಿಂದ ಓಡಾಡಿದೆವು. ಮೇಜುಗಳ ನಡುವೆ ಮಲಗಿದೆವು. ಅವರು ದೆಹಲಿಯ ಮಯೂರ್ ವಿಹಾರದಲ್ಲಿ ಬೇರೆಯವರ ಹೋಟೆಲಿಗೆ ಹೋಗಿಬಂದರು. ಆಮೇಲೆ ಯಾರೋ ಎಲ್ಲೋ ಕೂತು ನಕ್ಷೆ ತಿದ್ದಿದರು. ನಮ್ಮ ರಸ್ತೆ ಈಗ ಮಿಕ್ಸ್ಡ್ ಯೂಸ್ ಅಂತೆ, ಎಂದರೆ ಕೆಳಗೆ ಅಂಗಡಿ, ಮೇಲೆ ಮನೆ ಇರಬಹುದು. ರಸ್ತೆಯಲ್ಲಿ ಒಂದು ಇಟ್ಟಿಗೆಯೂ ಅಲುಗಿರಲಿಲ್ಲ. ಸೀಲು ತೆಗೆದರು, ಬೋರ್ಡು ಮತ್ತೆ ಏರಿಸಿದೆ.

ಮೊದಲ ಗಿರಾಕಿ ಕೂತಾಗ ದೋಸೆಕಲ್ಲಿನ ಮುಂದೆ ಕಿವಿಗೊಟ್ಟು ನಿಂತೆ. ನಮ್ಮವರು ಒಳಗೆ ಬಂದು, ಬರೆದ ಚೀಟಿಯೊಂದನ್ನು ಹಿಟ್ಟಿನ ಪಾತ್ರೆಯ ಪಕ್ಕ ಇಟ್ಟು ಹೋದರು. ಮರುದಿನವೂ ಚೀಟಿ. "ಕೂಗಿ ಹೇಳಿ, ಈಗ ಯಾರ ಭಯ?" ಎಂದೆ. "ಚೀಟಿಯೇ ಅನುಕೂಲ," ಅಂದರು. "ಪಪ್ಪಾ, ಪೆಹಲೇ ಜೈಸಾ ಕೂಗಿ ನಾ," ಮೊದಲಿನ ಹಾಗೆ ಕೂಗಿ ಎಂದು ಶ್ರುತಿಯೂ ಕೇಳಿದಳು. ಅವಳ ತಲೆ ಸವರಿದರು, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಶಾಲೆಯಲ್ಲಿ ನಾನೂ ಬಾಯಿಪಾಠ ಮಾಡಿದ್ದೆ.

ಕಳೆದ ವರ್ಷ ಮೈದುನನ ಮಗಳ ಮದುವೆಗೆ ಕುಂದಾಪುರಕ್ಕೆ ಹೋದೆವು. ಹೋಟೆಲು ಈಗ ಮೈದುನನದು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಪೇಟೆಯಿಂದ ಬರುತ್ತಿದ್ದೆ. ಹೋಟೆಲಿನ ಒಳಗಿಂದ ರಸ್ತೆಗೆ ಕೇಳಿಸಿತು: "ಎರಡಿಡ್ಲಿ ಒಂದ್ ವಡೇ..." ಅದೇ ರಾಗ, ನಮ್ಮವರದೇ ದನಿ. ಅಲ್ಲೇ ನಿಂತುಬಿಟ್ಟೆ. ಮತ್ತೆ ಕೂಗಿದರು, ಮತ್ತೆ ಮತ್ತೆ. ಹೊಟ್ಟೆ ಉರಿಯಿತು, ಕಣ್ಣೂ ತುಂಬಿತು. ಕೊನೆಗೆ ತಡೆಯಲಾರದೆ ಒಳಗೆ ಹೋದೆ.

ನನ್ನನ್ನು ನೋಡಿ ಅವರು ಮೇಜು ಒರೆಸತೊಡಗಿದರು.

"ಅಣ್ಣಾ, ಮೂರನೇ ಮೇಜಿಗೆ ಏನು?" ಮೈದುನ ಅಡುಗೆಮನೆಯಿಂದ ಕೇಳಿದ.

ಅವರು ಜೇಬಿನಿಂದ ಚೀಟಿ ತೆಗೆದು ಬರೆದರು.

ಇಲ್ಲೇ ಇದ್ದುಬಿಡಿ ಎಂಬ ಮಾತು ನನ್ನ ಗಂಟಲವರೆಗೆ ಬಂತು. ಆಡಲಿಲ್ಲ. ಘಾಜಿಯಾಬಾದಿನಲ್ಲಿ ನನಗೆ ಚೀಟಿ ತಂದುಕೊಡುವವರಾದರೂ ಬೇಕಲ್ಲ.