ಪುಡಿಯಾಗದೆ ಉಳಿದ ಮರ

ಬಂಗಾರಪೇಟೆಯ ನಮ್ಮ ಸಾಮಿಲ್ಲಿನಲ್ಲಿ ಗರಗಸ ಓಡಿಸುವುದು ನನ್ನ ಗಂಡ, ಗಂಡನನ್ನು ಓಡಿಸುವುದು ನಾನು ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಸುಳ್ಳೇನಲ್ಲವಲ್ಲ. ನೀಲಗಿರಿ ದಿಮ್ಮಿ ಬಂದಿಳಿದರೆ, ಎಷ್ಟು ಹಲಗೆ ಹೊರಡುತ್ತದೆಂದು ಮೊದಲು ಕಣ್ಣಲ್ಲೇ ಕೊಯ್ಯುವವಳು ನಾನು. ಗಿಡ್ಡ ತುಂಡು ಪೆಟ್ಟಿಗೆಯ ಪಟ್ಟಿಗೆ, ತೊಗಟೆ ಒಲೆಗೆ, ಪುಡಿ ಹಸು ಕಟ್ಟಿದವರ ಕೊಟ್ಟಿಗೆಗೆ. ನಮ್ಮಲ್ಲಿ ಒಂದು ಚೂರೂ ದಂಡವಾಗುವುದಿಲ್ಲ ಎಂದು ನನಗೆ ಬಲು ಜಂಬವಿತ್ತು.

ಆ ಜಂಬಕ್ಕೆ ಕಲ್ಲು ಹಾಕಿದವರು ನನ್ನ ಮಾವ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಬಂಡೆ ಕೊರೆದವರು, ಕಲ್ಲಿನ ಪುಡಿ ಎದೆಯಲ್ಲಿ ಕೂತು ಉಸಿರಿಗೆ ಜಾಗವಿಲ್ಲದಂತಾದವರು. ಅತ್ತೆ ಹೋದ ಮೇಲೆ ನಮ್ಮಲ್ಲಿಗೇ ಬಂದರು. ಮಿಲ್ಲಿನ ಎದುರಿನ ಹೊಂಗೆ ಮರದಡಿ ಕೂತು ದಿನವಿಡೀ ಮಗನನ್ನೇ ನೋಡುತ್ತಿದ್ದರು. ನನ್ನ ಗಂಡನಿಗೆ ಕೆಮ್ಮು ಹತ್ತಿದಾಗ, ಶೀತವಿರಬೇಕೆಂದು ನಾನು ಕಷಾಯ ಕಾಯಿಸಿದೆ.

"ಸೀತ ಅಲ್ಲ ಕಣಮ್ಮ, ನಂಗೂ ಇಂಗೇ ಸುರುವಾಗಿದ್ದು," ಎಂದರು ಮಾವ.

ಮುದುಕರಿಗೆ ಎಲ್ಲದರಲ್ಲೂ ತಮ್ಮ ಕಾಯಿಲೆಯೇ ಕಾಣುತ್ತದೆ ಅಂದುಕೊಂಡು ಸುಮ್ಮನಾದೆ. ಮಾವ ಸುಮ್ಮನಾಗಲಿಲ್ಲ. ಒಂದು ಬೆಳಿಗ್ಗೆ ತಮ್ಮ ಬಿಳಿ ಟವೆಲನ್ನು ಒದ್ದೆ ಮಾಡಿ ಗರಗಸದ ಪಕ್ಕ, ಮಗ ನಿಲ್ಲುವ ಕಡೆಯೇ ನೇತುಹಾಕಿದರು. ಸಂಜೆ ಅದನ್ನು ತಂದು ನನ್ನ ಮುಂದೆ ಹಿಡಿದರು. ಬಜ್ಜಿ ಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗಿತ್ತು.

"ಅಯ್ಯೋ ದೇವರೇ! ಇಷ್ಟು ಮರ ಗಾಳಿಗೆ ಹೋಗ್ತಿದೆಯಾ ಮಾವ!" ಎಂದೆ.

ಅವರಿಗೆ ನಗು ಬಂತು, ನಗು ಕೆಮ್ಮಾಯಿತು. ನೀರು ಕೊಟ್ಟೆ. ಕುಡಿದು, ಸುಧಾರಿಸಿಕೊಂಡು ಹೇಳಿದರು: "ನಿಂಗೆ ಮರ ಕಾಣ್ತದೆ. ನಂಗೆ ನನ್ ಮಗ ಕಾಣ್ತಾನೆ ಕಣಮ್ಮ."

ಆ ರಾತ್ರಿಯೇ ಮಾವನೂ ನಾನೂ ಸೇರಿ, ಪುಡಿ ಕಾರುವ ಈ ಗರಗಸ ಕಿತ್ತು ಬೇರೆಯದು ಹಾಕಿಸೋಣ ಎಂದು ಗಂಡನ ಬೆನ್ನು ಹತ್ತಿದೆವು.

ಗಂಡ ಮಾತ್ರ ಜಗ್ಗಲಿಲ್ಲ. "ಓಡ್ತಿರೋ ಮಿಷಿನ್ನ ಯಾಕಪ್ಪಾ ಕೀಳ್ಬೇಕು? ನಂಗೇನಾಗಿದೆ?" ಎಂದ.

"ಲೇ, ನಾನೂ ಇಂಗೇ ಅಂದಿದ್ದೆ ಕಣ್ಲಾ. ಈಗ ನೋಡ್ಲಾ ನನ್ನ."

ಕೊನೆಗೆ ಆ ದಪ್ಪ ದುಂಡು ಗರಗಸ ಹೋಯಿತು, ಪಟ್ಟಿಯಂಥ ತೆಳ್ಳನೆಯದು ಬಂತು. ಹಳೆಯದು ಪ್ರತಿ ಸೀಳಿಗೂ ಬಾಯಿ ತುಂಬ ಮರ ಅಗಿದು ಉಗುಳುತ್ತಿತ್ತು. ಇದು ಗೀಟು ಎಳೆದ ಹಾಗೆ ಸೀಳಿಕೊಂಡು ಹೋಗುತ್ತದೆ. ಎದ್ದ ಪುಡಿಯನ್ನು ಕೊಳವೆಯೊಂದು ಎಳೆದು ಚೀಲಕ್ಕೆ ತುಂಬುತ್ತದೆ. ಪುಡಿ ಹಾರದಿರಲೆಂದು ದಿಮ್ಮಿ ಒಣಗಲು ಬಿಡದೆ ಹಸಿಯಲ್ಲೇ ಕೊಯ್ಯತೊಡಗಿದೆವು. ಮೂಗಿಗೆ ಮಾಸ್ಕ್ ಕಟ್ಟದೆ ಗಂಡ ಒಳಗೆ ಕಾಲಿಟ್ಟರೆ ನನ್ನ ಗಂಟಲು ರೈಲ್ವೆ ಸ್ಟೇಷನ್ನಿನವರೆಗೂ ಕೇಳುತ್ತಿತ್ತು. ದಪ್ಪ ದಿಮ್ಮಿಯೊಂದರಲ್ಲಿ ಮೊದಲ ಬಾರಿಗೆ ಒಂದು ಹಲಗೆ ಹೆಚ್ಚಾಗಿ ಬಂದಾಗ ನಾನು ಕುಣಿದಾಡಿಬಿಟ್ಟೆ. ಮಾವ ಆ ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. ಪುಡಿಯ ಚೀಲ ಎಷ್ಟು ಭಾರವಾಗಿದೆ ಎಂದು ಎತ್ತಿ ನೋಡಿದರು.

ನನ್ನ ಗಂಡನನ್ನು ಕಾಪಾಡಿದ್ದು ದೇವರೇ ಇರಬಹುದು. ನಾನು ಬೆಳಿಗ್ಗೆ ಎದ್ದು ಮನಸ್ಸಿನಲ್ಲೇ ಕೈ ಮುಗಿಯುವುದು ಮಾತ್ರ ಹೊಂಗೆ ಮರದಡಿ ಏದುಸಿರು ಬಿಡುತ್ತಾ ಕೂತಿರುವವರಿಗೆ. ಎದುರಿಗೆ ಹೇಳಿದರೆ "ಸಾಕು ಓಗಮ್ಮ, ಕಾಪಿ ತಾ" ಅನ್ನುತ್ತಾರೆ.

ಈ ಬೇಸಿಗೆಯಲ್ಲಿ ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಾವನೂ ಹಟ ಹಿಡಿದು ಬಂದರು. ಡಾಕ್ಟರು ಎಕ್ಸ್‌ರೇ ನೋಡಿ, ಎದೆ ಚೆನ್ನಾಗಿದೆ, ಹೀಗೇ ಜೋಪಾನವಾಗಿರಿ ಎಂದರು. ನನಗೆ ಕಣ್ಣು ತುಂಬಿ ಬಂತು. ಮಾವನ ಮುಖ ಸಡಿಲವಾಗಲಿಲ್ಲ. ಹೊರಗೆ ಬಂದ ಕೂಡಲೇ, ಅಷ್ಟು ಜನರ ನಡುವೆ, ಮಗನ ಶರ್ಟು ಮೇಲೆತ್ತಿ ಬೆನ್ನಿಗೆ ಕಿವಿ ಹಚ್ಚಿದರು.

"ಉಸ್ರು ಎಳ್ಕಳ್ಳಾ."

ಎಳೆದುಕೊಂಡ.

"ಇನ್ನೊಂದ್ಸಲ."

ಇಬ್ಬರು ಮಕ್ಕಳ ತಂದೆ, ನಾಚಿಕೆಯಿಂದ ಕೆಂಪಾಗಿ, ಮತ್ತೆ ಎಳೆದುಕೊಂಡ. ಮಾವ ಕಣ್ಣು ಮುಚ್ಚಿ, ತಮ್ಮ ಉಸಿರಿನ ಸದ್ದು ಅಡ್ಡ ಬರಬಾರದೆಂದು ಅದನ್ನು ಹಿಡಿದು ನಿಲ್ಲಿಸಿ, ಕೇಳುತ್ತಿದ್ದರು.