ಹೊಸ್ತಿಲ ಮುಂದಿನ ಶಬ್ದ

ಸ್ವಾತಂತ್ರ್ಯ ಬಂದ ವರ್ಷ ಶಿರಹಟ್ಟಿಯ ಮಾರ್ತಾಂಡ ಮಾಸ್ತರರ ಮನೆಗೆ ಹೈಸ್ಕೂಲು ಮಕ್ಕಳು ಇಂಗ್ಲಿಷ್ ಕಲಿಯಲು ಬರುತ್ತಿದ್ದರು. ಮಾಸ್ತರರು ದಿನಾ ಪಾಟಿಯ ಮೇಲೆ ಒಂದು ಕಠಿಣ ಇಂಗ್ಲಿಷ್ ಶಬ್ದ ಬರೆದುಕೊಡುವರು. ಅಕ್ಷರ ಬಾರದ ಹೆಂಡತಿ ಸುಂದರಾಬಾಯಿ ಅದನ್ನು ನೋಡಿ ಹೊಸ್ತಿಲ ಮುಂದೆ ರಂಗೋಲಿಯಲ್ಲಿ ಬಿಡಿಸುವಳು. ಅದರ ಅರ್ಥ ಹೇಳಿದ ಮಕ್ಕಳಿಗಷ್ಟೇ ಒಳಗೆ ಜಾಗ.

"ಹಂಗಂದ್ರ ಏನ್ರಿ?" ಎಂದು ಆಕೆ ಒಮ್ಮೆ ಪಾಟಿಯ ಶಬ್ದ ತೋರಿಸಿ ಕೇಳಿದ್ದಳು.

"ನಿನಗ್ಯಾಕ ಅದು? ಗೆರಿ ಸೊಟ್ಟ ಆಗದಂಗ ಹಾಕು, ಸಾಕು," ಎಂದು ಮಾಸ್ತರರು ಗದರಿದ್ದರು. ಆಕೆ ಮತ್ತೆ ಕೇಳಲಿಲ್ಲ.

ಚಳಿಜ್ವರ ಬಂದು ಸುಂದರಾಬಾಯಿ ತೀರಿಕೊಂಡಳು. ಸೂತಕ ಕಳೆದು ಮಕ್ಕಳು ಬಂದಾಗ ಹೊಸ್ತಿಲ ಮುಂದೆ ಏನೂ ಇರಲಿಲ್ಲ. ಆ ದಿನದ ಶಬ್ದ ಬಿಡಿಸಲು ಮಾಸ್ತರರೇ ರಂಗೋಲಿ ಹಿಡಿದು ಕೂತರು. ಗೆರೆ ಸೊಟ್ಟಗಾಯಿತು, ಅಳಿಸಿದರು, ಮತ್ತೆ ಸೊಟ್ಟಗಾಯಿತು. ಕೊನೆಗೆ ಆಕೆ ಇರುತ್ತಿದ್ದ ಅಡಿಗೆಮನೆಯ ಕಡೆ ತಿರುಗಿ, ಯಾರೂ ಕೇಳದಿದ್ದರೂ, ಆ ಶಬ್ದದ ಅರ್ಥವನ್ನು ಕನ್ನಡದಲ್ಲಿ ಮೆಲ್ಲಗೆ ಹೇಳಿದರು.