ಹಲೋ ಅಕ್ಕನ ಟ್ರಂಕ್ ಚೀಟಿ

ನಮ್ಮ ನಿವೃತ್ತರ ಸಂಘಕ್ಕೆ ಇರುವುದು ಒಂದೇ ಕೋಣೆ, ಅದೂ ಚಪ್ಪಲಿ ಅಂಗಡಿಯ ಮೇಲೆ, ಹತ್ತೊಂಬತ್ತು ಮೆಟ್ಟಿಲು ಹತ್ತಿ. ಮಂಡಿನೋವಿನ ಜನಕ್ಕೆ ಇಂಥ ಜಾಗ ಹುಡುಕಿಕೊಟ್ಟ ಪುಣ್ಯಾತ್ಮ ಯಾರು ಎಂದು ಬಂದವರೆಲ್ಲ ಏದುಸಿರು ಬಿಡುತ್ತಾ ಕೇಳುತ್ತಾರೆ. ಹುಡುಕಿದವನು ನಾನೇ, ಸಂಘದ ಕಾರ್ಯದರ್ಶಿ. ಒಂದು ಮೇಜು, ಆರು ಕುರ್ಚಿ, ಒಂದು ಫೋನು. ಆ ಫೋನಿನ ಮುಂದೆ ದಿನಾ ಹತ್ತರಿಂದ ಒಂದರವರೆಗೆ ಕೂರುವವಳು ಹಲೋ ಅಕ್ಕ. ಸಂಬಳವಿಲ್ಲ, ಭತ್ಯೆಯಿಲ್ಲ, ಕಾಫಿಯೂ ಮನೆಯಿಂದಲೇ.

ಹತ್ತೊಂಬತ್ತನೇ ವಯಸ್ಸಿಗೆ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದಳು. ನಾನು ಅದೇ ಕಟ್ಟಡದ ಕೆಳಮಹಡಿಯಲ್ಲಿ ಟೈಪಿಸ್ಟ್. ಮೂವತ್ತಾರು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೋರ್ಡಿನ ತೂತುಗಳಿಗೆ ವೈರು ಚುಚ್ಚಿ, ಊರೂರನ್ನು ಜೋಡಿಸಿದವಳು. ಮುಖ ಮರೆತಾಳು, ಧ್ವನಿ ಮರೆಯಳು. ಹತ್ತು ವರ್ಷದ ಹಿಂದೆ ಒಮ್ಮೆ ಮಾತಾಡಿದವನು ಇವತ್ತು 'ಹಲೋ' ಎಂದರೆ ಸಾಕು, "ಮಗಳ ಮದುವೆ ಆಯ್ತಾ?" ಎಂದು ಕೇಳುತ್ತಾಳೆ. ಎಷ್ಟೋ ಜನ ಹೆದರಿ ಫೋನ್ ಇಟ್ಟಿದ್ದೂ ಉಂಟು.

ಆ ಕಾಲದಲ್ಲಿ ಪರಊರಿಗೆ ಮಾಡುವ ಪ್ರತಿ ಟ್ರಂಕ್ ಕಾಲಿಗೂ ಆಪರೇಟರ್ ಒಂದು ಚೀಟಿ ಬರೆಯಬೇಕಿತ್ತು: ಯಾರು, ಯಾರಿಗೆ, ಎಷ್ಟು ಗಂಟೆಗೆ ಲೈನು ಕೊಟ್ಟದ್ದು, ಎಷ್ಟಕ್ಕೆ ಮುಗಿದದ್ದು, ಲೈನು ಹೇಗಿತ್ತು. ಎಕ್ಸ್‌ಚೇಂಜು ಹೋಯಿತು, ಟ್ರಂಕ್ ಕಾಲು ಹೋಯಿತು, ಅಕ್ಕನ ಚೀಟಿ ಮಾತ್ರ ಹೋಗಲಿಲ್ಲ. ಹಳೇ ಕ್ಯಾಲೆಂಡರಿನ ಹಾಳೆಯನ್ನು ನಾಲ್ಕು ತುಂಡು ಮಾಡಿ, ಹಿಂಬದಿಯಲ್ಲಿ ಬರೆಯುತ್ತಾಳೆ. "ಅಮ್ಮ ಹಾಲಿನವರಿಗೆ ಫೋನ್ ಮಾಡಿದ್ರೂ ಚೀಟಿ ಬರೀತಾಳೆ, ಅಂಕಲ್" ಎಂದು ಅವಳ ಮಗಳು ನಗುತ್ತಿದ್ದಳು. ನಾನೂ ನಕ್ಕಿದ್ದೆ. ಆ ಬಗ್ಗೆ ನನಗೆ ಈಗ ನಾಚಿಕೆಯಿದೆ.

ಕಳೆದ ವರ್ಷ ಇಲಾಖೆ ನಿವೃತ್ತರ ಆಸ್ಪತ್ರೆ ಯೋಜನೆಯನ್ನು ಬದಲಾಯಿಸಿತು. ಹೊಸ ಫಾರಂ ತುಂಬಿ ಕೊಡಬೇಕಂತೆ. ಹಳೇ ಕಾರ್ಡು ಇರುವವರೂ ಕೊಡಬೇಕೋ ಬೇಡವೋ? ಸುತ್ತೋಲೆಯಲ್ಲಿ ಅದನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದರು. ಅಕ್ಕ ಪಿಂಚಣಿ ವಿಭಾಗಕ್ಕೆ ಫೋನ್ ಮಾಡಿದಳು. ಹಳಬರಿಗೆ ಬೇಡ ಎಂದರು. ಅಕ್ಕ ಸಂಘದ ಎಂಬತ್ಮೂರು ಜನಕ್ಕೂ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿದಳು: "ನಿಮಗೆ ಬೇಡವಂತೆ."

ತಪ್ಪಾದದ್ದು ಅಲ್ಲೇ. ಆ ತುದಿಯಿಂದ ಬಂದ ಮಾತನ್ನು ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಡಿಮೆಯಿಲ್ಲದೆ ಈ ತುದಿಗೆ ದಾಟಿಸುವುದೇ ಆಪರೇಟರ್ ಧರ್ಮ. ಅದನ್ನು ಕಾಗದದಲ್ಲಿ ಕೊಡಿ ಎಂದು ಕೇಳುವ ಅಭ್ಯಾಸ ಅಕ್ಕನಿಗೆ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು.

ಆರು ತಿಂಗಳ ಮೇಲೆ ಒಂದು ಸೋಮವಾರ ನಮ್ಮ ಸಂಘದ ಕಂಬದಣ್ಣ ಆಸ್ಪತ್ರೆಗೆ ಹೋದ. ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದ ಲೈನ್‌ಮನ್, ಈಗ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಿಟಕಿಯೊಳಗಿನವರು ಅವನ ಕಾರ್ಡನ್ನು ಹಿಂದಕ್ಕೆ ತಳ್ಳಿದರು. ಫಾರಂ ಕೊಟ್ಟಿಲ್ಲ, ಗಡುವು ಮುಗಿದಿದೆ, ಕಾರ್ಡು ರದ್ದು. ಕೈಯಿಂದ ದುಡ್ಡು ಹಾಕಿ ಮಾಡಿಸುವ ಶಕ್ತಿ ಇದ್ದದ್ದು ವಾರಕ್ಕೆ ಒಂದು ಸಲಕ್ಕೆ. ಹದಿನೈದು ದಿನದಲ್ಲಿ ಅವನ ಕಾಲು ಚಪ್ಪಲಿಗೆ ಹಿಡಿಸದಷ್ಟು ಊದಿತು.

ಅವನು ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ. ಹೇಳಿದವಳು ಅವನ ಹೆಂಡತಿ. "ನೀವು ಬೇಡ ಅಂದ್ರಿ ಅಂತ ನಾವು ಬಿಟ್ವಿ ಕಣ್ರೀ." ಅಷ್ಟೇ ಹೇಳಿ ಫೋನ್ ಇಟ್ಟಳು. ಅಕ್ಕ ರಿಸೀವರ್ ಹಿಡಿದುಕೊಂಡೇ ಕೂತಿದ್ದಳು.

"ನಿನ್ನ ತಪ್ಪೇನಿದೆ, ಅಕ್ಕ? ಅವ್ರು ಹೇಳಿದ್ದನ್ನ ನೀನು ಹೇಳ್ದೆ" ಎಂದೆ.

"ಎಂಬತ್ಮೂರು ಜನ ನಂಬಿದ್ದು ಅವ್ರನ್ನಲ್ಲ, ನನ್ನ. ನನ್ನ ಬಾಯಿಂದ ಹೋದ ಮಾತು. ನಾನೇ ವಾಪಸ್ ತರ್ತೀನಿ."

ನಾನು ಇಲಾಖೆಗೆ ಅರ್ಜಿ ಟೈಪ್ ಮಾಡಿದೆ. 'ತಾವು ದೊಡ್ಡ ಮನಸ್ಸು ಮಾಡಿ', 'ಬಡ ನಿವೃತ್ತರ ಮೇಲೆ ಕೃಪೆ ತೋರಿ' ಎಂದೆಲ್ಲ ಹಾಕಿದ್ದೆ. ಕೈಗೆ ಅಂಟಿದ ಚಟ. ಅಕ್ಕ ಪೆನ್ನು ತೆಗೆದು ಅವೆರಡೂ ಸಾಲಿಗೆ ಗೀಟು ಹಾಕಿದಳು. "ಭಿಕ್ಷೆ ಕೇಳ್ತಿದ್ದೀವೇನಯ್ಯಾ? ದುಡಿದಿಟ್ಟಿದ್ದನ್ನ ಕೇಳ್ತಿರೋದು. ಬೆನ್ನು ನೆಟ್ಟಗಿಟ್ಕೊಂಡು ಟೈಪ್ ಮಾಡು."

ಪಿಂಚಣಿ ವಿಭಾಗದ ಅಧೀಕ್ಷಕರಿಂದ ಉತ್ತರ ಬಂತು: ನಮ್ಮ ವಿಭಾಗದ ಯಾರೂ ಹಾಗೆ ಹೇಳಿಲ್ಲ, ನೋಟೀಸು ಫಲಕದಲ್ಲಿ ಹಾಕಲಾಗಿತ್ತು. ಆ ಫಲಕ ಇರುವುದು ಅವರ ಕಚೇರಿಯ ಮೂರನೇ ಮಹಡಿಯಲ್ಲಿ, ಬೀರುವಿನ ಹಿಂದೆ. ಲಿಫ್ಟು ಕೆಟ್ಟು ಎರಡು ವರ್ಷ. ನನಗೆ ಮೈಯೆಲ್ಲ ಉರಿಯಿತು. ಅಕ್ಕ ಚೀಟಿಗಳನ್ನು ತುಂಬಿಟ್ಟಿದ್ದ ಶೂ ಡಬ್ಬಿ ಇಳಿಸಿ ಆ ದಿನದ ಚೀಟಿ ಹುಡುಕತೊಡಗಿದಳು.

ಪಟ್ಟು ಬಿಡದೆ ಬರೆದೂ ಬರೆದೂ ಕೊನೆಗೆ ಒಂದು ವಿಚಾರಣೆ ಸಿಕ್ಕಿತು. ಕೇಂದ್ರ ಕಚೇರಿಯಿಂದ ಒಬ್ಬ ಮೇಲಧಿಕಾರಿ, ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡ ಹೆಂಗಸು, ಬಂದಿದ್ದರು. ಪಕ್ಕದಲ್ಲಿ ಅಧೀಕ್ಷಕ. ಹಿಂದೆ ಫೈಲು ಹಿಡಿದು ನಿಂತ ನರೆತ ಕೂದಲಿನ ಗುಮಾಸ್ತ. ಎದುರಿಗೆ ಅಕ್ಕ, ನಾನು.

ಅಧೀಕ್ಷಕ ಗಂಟಲು ಸರಿಮಾಡಿಕೊಂಡು ಶುರುಮಾಡಿದ. "ಮೇಡಂ, ಇವ್ರಿಗೆ ವಯಸ್ಸಾಗಿದೆ. ಏನೋ ಕೇಳ್ಸಿಕೊಂಡಿರ್ತಾರೆ, ಏನೋ ಅರ್ಥ ಮಾಡ್ಕೊಂಡಿರ್ತಾರೆ."

ಅವನು ಮಾತಾಡುವಷ್ಟು ಹೊತ್ತೂ ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆ ಹೋದಳೋ ಎಂದು ನನಗೆ ಗಾಬರಿ. ಅವನ ಮಾತು ಮುಗಿದ ಮೇಲೆ ಕಣ್ಣು ಬಿಟ್ಟು, ಚೀಟಿ ತೆಗೆದು ಓದಿದಳು.

"ಬುಧವಾರ. ಹನ್ನೊಂದೂ ಇಪ್ಪತ್ತಕ್ಕೆ ಲೈನ್ ಸಿಕ್ತು. ಗಂಡಸು, ನಿಧಾನದ ಮಾತು. 'ಒಂದ್ನಿಮಿಷ, ಕೇಳಿ ಹೇಳ್ತೀನಿ' ಅಂದ್ರು. ರಿಸೀವರ್ ಮೇಜಿನ ಮೇಲಿಟ್ರು. ಫ್ಯಾನ್ ಕಿರುಗುಟ್ತಿತ್ತು. ಎರಡನೇ ಧ್ವನಿ, ದೂರದಿಂದ: 'ಹಳಬ್ರಿಗೆ ಬೇಡ ಅಂದ್ಬಿಡು, ಸುಮ್ನೆ ಫಾರಂ ರಾಶಿ ಬೀಳುತ್ತೆ.' ಹನ್ನೊಂದೂ ಇಪ್ಪತ್ನಾಲ್ಕಕ್ಕೆ ಮುಗೀತು."

ಚೀಟಿ ಮೇಜಿನ ಮೇಲಿಟ್ಟಳು. "ಮೇಡಂ, ಆ ಎರಡನೇ ಧ್ವನಿ ಈಗಷ್ಟೇ ಈ ರೂಮಲ್ಲಿ ಮಾತಾಡ್ತು."

"ನಾನು ಹೇಳೇ ಇಲ್ಲ!" ಎಂದ ಅಧೀಕ್ಷಕ. ಅಕ್ಕ ಯಾರ ಕಡೆಗೂ ಬೆರಳು ತೋರಿಸಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ ನನಗೆ ನೆನಪಾಗಿ ನಗು ಬಂತು, ಕೆಮ್ಮಿ ನುಂಗಿಕೊಂಡೆ.

ಅವನು ಸುಧಾರಿಸಿಕೊಂಡ. "ಚೀಟಿ ಇವ್ರೇ ಬರ್ಕೊಂಡಿದ್ದು ಮೇಡಂ. ನಾಳೆ ನಾನೂ ಹತ್ತು ಬರೀತೀನಿ. ಇದು ಸಾಕ್ಷೀನಾ?"

ಮೇಲಧಿಕಾರಿ ಚೀಟಿಯನ್ನು ತಿರುಗಿಸಿ ನೋಡಿ ಕೆಳಗಿಟ್ಟರು. ಅವನ ಮಾತಿನಲ್ಲಿ ಹುರುಳಿತ್ತು ಎಂಬುದು ಅವರ ಮುಖದಲ್ಲೇ ಗೊತ್ತಾಯಿತು. ಮುಗಿಯಿತು ಎಂದುಕೊಂಡೆ.

ಅಕ್ಕ ಹಿಂದೆ ನಿಂತಿದ್ದ ಗುಮಾಸ್ತನ ಕಡೆ ತಿರುಗಿದಳು. "ಮೊದಲನೇ ಧ್ವನಿ ನಿಮ್ಮದಾ ಅಂತ ನೋಡ್ಬೇಕು. ಏನಾದ್ರೂ ಮಾತಾಡಿ ಸ್ವಾಮಿ. ನಿಮ್ಮ ನಿವೃತ್ತಿ ಯಾವಾಗ?"

ಗುಮಾಸ್ತ ಅಧೀಕ್ಷಕನನ್ನು ನೋಡಿದ, ನೆಲ ನೋಡಿದ. "ಬರೋ ಮಾರ್ಚಿಗೆ" ಎಂದ. ಆಮೇಲೆ, ನಿಧಾನವಾಗಿ, "ನನ್ನದೇ ಅಮ್ಮಾ ಅದು. ಫೋನ್ ತಗೊಂಡಿದ್ದು ನಾನೇ. ಹೇಳಿಸಿದ್ದು ಇವ್ರು. ಆ ವಾರ ಫೋನ್ ಮಾಡಿದ ಎಲ್ರಿಗೂ ಹಾಗೇ ಹೇಳ್ದೆ. ನಾಳೆ ನಾನೂ ಅದೇ ಕಾರ್ಡ್ ಹಿಡ್ಕೊಂಡು ಕಿಟಕಿ ಮುಂದೆ ನಿಲ್ಬೇಕಲ್ಲ."

ಮೇಲಧಿಕಾರಿ ಕನ್ನಡಕ ತೆಗೆದರು. "ಆಯ್ತು. ಎಲ್ಲರಿಗೂ ಹೊಸದಾಗಿ ಫಾರಂ ಕೊಡೋ ಅವಕಾಶ ಮಾಡ್ತೀವಿ. ಅಲ್ಲೀವರೆಗೆ ಹಳೇ ಕಾರ್ಡು ನಡೆಯುತ್ತೆ. ನೀವಿನ್ನು ಹೊರಡಿ, ಆದೇಶ ಎರಡು ದಿನದಲ್ಲಿ ಬರುತ್ತೆ."

ನಾನು ಕೈ ಮುಗಿಯುತ್ತಾ ಎದ್ದೇ ಬಿಟ್ಟೆ. ಅಕ್ಕ ನನ್ನ ಅಂಗಿಯ ತುದಿ ಹಿಡಿದು ಕೂರಿಸಿದಳು.

"ಬಾಯಿಮಾತು ನಂಬಿ ಒಂದ್ಸಲ ಕೆಟ್ಟಿದ್ದೀನಿ, ಮೇಡಂ. ಎರಡು ದಿನ ಅಂದ್ರೆ ನಮ್ಮ ಲೈನ್‌ಮನ್‌ಗೆ ಒಂದು ಡಯಾಲಿಸಿಸ್. ಬರೆದು ಕೊಡಿ. ನಾನು ಇಲ್ಲೇ ಕಾಯ್ತೀನಿ."

"ಟೈಪಿಸ್ಟ್ ರಜಾ ಇದ್ದಾರೆ" ಎಂದ ಅಧೀಕ್ಷಕ.

"ನಾವು ಕರ್ಕೊಂಡು ಬಂದಿದ್ದೀವಿ" ಎಂದಳು ಅಕ್ಕ, ನನ್ನ ಕಡೆ ತೋರಿಸಿ.

ಹಾಗೆ, ನಿವೃತ್ತನಾಗಿ ಎಂಟು ವರ್ಷದ ಮೇಲೆ ನಾನು ಸರ್ಕಾರಿ ಆದೇಶವೊಂದನ್ನು ಟೈಪ್ ಮಾಡಿದೆ. ಮೇಲಧಿಕಾರಿ ಹೇಳುತ್ತಾ ಹೋದರು. ಬೆನ್ನು ನೆಟ್ಟಗೇ ಇತ್ತು. ಸಹಿ, ಮೊಹರು ಬಿದ್ದಾಗ ನಾಲ್ಕೂ ಹತ್ತು.

ಅಕ್ಕ ಕಾರಿಡಾರಿನಲ್ಲೇ ನಿಂತು ಮೊದಲು ಕಂಬದಣ್ಣನಿಗೆ ಫೋನ್ ಮಾಡಿದಳು. ಆದೇಶದ ಸಂಖ್ಯೆ, ತಾರೀಕು, ಸಹಿ ಮಾಡಿದವರ ಹುದ್ದೆ, ಎಲ್ಲವನ್ನೂ ಎರಡೆರಡು ಸಲ ಓದಿದಳು. ಆ ಕಡೆಯಿಂದ ಅವನ ಧ್ವನಿ ನನಗೂ ಕೇಳಿಸಿತು.

"ಇಷ್ಟೆಲ್ಲ ಯಾಕಮ್ಮಾ ತಂಗಿ? ನೀನು ಹೇಳಿದ್ರೆ ಸಾಕಲ್ಲ."

"ಸಾಲದು ಅಣ್ಣಾ" ಎಂದಳು ಅಕ್ಕ. "ಇನ್ಮೇಲೆ ನನ್ನ ಮಾತನ್ನೂ ನಂಬಬೇಡ. ಕಾಗದ ಕಳಿಸ್ತಿದ್ದೀನಿ. ನಾಳೆ ಬೆಳಿಗ್ಗೆ ಅದನ್ನ ಕಿಟಕಿ ಮೇಲೆ ಬಡಿ."